ಹದಿನಾರು ಖೋಲಿಯ ಪೆನ್‌ಡ್ರೈವ್ ಸಾಹೇಬರಿಗೆ

ಜಹೀರಾಬಾದಿನಿಂದ

ಮಾನ್ಯರೇ,

ಗಾತ್ರದಲ್ಲಿ ನನ್ನ ಹೆಬ್ಬೆರಳಿಗಿಂತ ಗಿಡ್ಡರಾದರೂ ಹದಿನಾರು ಜಿಬಿ ಜಾಗದ ಒಡೆಯರಾದ, ನೀಲಿ ಟೊಪ್ಪಿಗೆಯ, ಕೊರಳಿಗೆ ಕರಿ ದಾರ ಕಟ್ಟಿಕೊಂಡ ಪೆನ್‌ಡ್ರೈವ್ ಸಾಹೇಬರ ಸನ್ನಿಧಿಗೆ, ಇಲ್ಲಿಯ ಹುಡುಗಿಯರ ಹಾಸ್ಟೆಲಿನಲ್ಲಿ ಅಡುಗೆ ಮಾಡುವ ಧಮ್ಮಶೀಲಾ ಹೇಳುವ ಜೈಭೀಮ್. ನಾನು ಕ್ಷೇಮವಾಗಿಲ್ಲ. ತಾವು ಕ್ಷೇಮವೆಂದು ಬಲ್ಲೆ, ಏಕೆಂದರೆ ತಮ್ಮನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡೇ ಇದನ್ನು ಬರೆಯುತ್ತಿದ್ದೇನೆ. ಆದರೂ ಈ ನಾಲ್ಕು ಸಾಲು ಮುಗಿಯುವಷ್ಟರಲ್ಲಿ ಮೇಲಿಂದ ಮೇಲೆ ಗಂಟು ಮುಟ್ಟಿ ನೋಡಿದ್ದಾಗಿದೆ. ಲಕೋಟೆಯಲ್ಲಿಟ್ಟು ಕೊಡೋಣವೆಂದರೆ ತಮ್ಮ ಬಾಯಿ ಬಹಳ ಸಣ್ಣದು, ಅದಕ್ಕೇ ಬಹಿರಂಗ ಪತ್ರ ಮಾಡಿದ್ದೇನೆ.

ಮೊದಲು ನನ್ನ ಕನಸನ್ನು ತಮ್ಮ ಗಮನಕ್ಕೆ ತರಬೇಕು. ಕನಸಿನಲ್ಲಿ ನಮ್ಮವ್ವ ಭೂದೇವಿ ತಾಂಡೂರಿಗೆ ಹೋಗುವ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತಿದ್ದಳು. ಬಸ್ಸಿನ ಒಳಗೆ ಒಂದು ನರಪಿಳ್ಳೆಯಿಲ್ಲ, ಎಲ್ಲ ಸೀಟೂ ಖಾಲಿ. ಕಂಡಕ್ಟರ್ ತಮ್ಮಂತೆಯೇ ನೀಲಿ ಟೊಪ್ಪಿಗೆಯವರು. ಅವರು ಅವ್ವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಜಾಗಾ ಅದರಿ, ಖರೆ ಈಕಿ ಭಾಳ ದೊಡ್ಡಾಕಿ ಇದ್ದಾಳ. ಎರಡು ಮಾಡಿ ಕೊಡ್ರಿ, ಹತ್ತಿಸ್ಕೋತೀನಿ" ಎಂದರು. ನನ್ನ ಇಬ್ಬರು ಅಣ್ಣಂದಿರು, ಒಬ್ಬ ತಲೆಯ ಕಡೆಗೆ, ಒಬ್ಬ ಕಾಲಿನ ಕಡೆಗೆ, ಬಹಳ ಮರ್ಯಾದೆಯಿಂದ ಅವ್ವನನ್ನು ಹಿಡಿದುಕೊಂಡರು. ಈ ಕನಸನ್ನು ತಾವೇ ಕಳಿಸಿದ್ದೀರೆಂದು ನಾನು ಹೇಳುವುದಿಲ್ಲ. ಆದರೆ ಇದು ತಮ್ಮ ಪದ್ಧತಿಯಲ್ಲೇ ಇತ್ತು.

ನನ್ನ ಬರವಣಿಗೆಯಲ್ಲಿ ತಪ್ಪಿದ್ದರೆ ಮನ್ನಿಸಬೇಕು. ನಾನು ಶಾಲೆಯನ್ನು ಕನ್ನಡದಲ್ಲಿ ಹತ್ತಿ ತೆಲುಗಿನಲ್ಲಿ ಇಳಿದವಳು. ನಮ್ಮೂರ ಕನ್ನಡ ಶಾಲೆ ನಾಲ್ಕನೆಯ ಇಯತ್ತೆಗೆ ಮುಗಿಯುತ್ತಿತ್ತು; ಐದಕ್ಕೆ ಪಕ್ಕದ ಊರಿನ ತೆಲುಗು ಶಾಲೆಗೆ ಹೋದರೆ ನನ್ನ ತಲೆಯೊಳಗಿದ್ದ ಯಾವುದೂ ಅಲ್ಲಿ ತೆರೆಯಲಿಲ್ಲ. ಅಲ್ಲಿಯ ಮಾಸ್ತರರು ಇದ್ದುದನ್ನೆಲ್ಲ ಅಳಿಸಿ ಹೊಸದಾಗಿ ಶುರುಮಾಡೋಣ ಎಂದರು. ಅಳಿಸುವುದು ಮುಗಿಯಿತು, ಶುರುವಾಗುವ ಮೊದಲೇ ಮನೆಯವರು ಬಿಡಿಸಿದರು. ಈ ಅನುಭವ ಮುಂದೆ ಕಂಪ್ಯೂಟರಿನ ವಿಷಯ ತಿಳಿದುಕೊಳ್ಳಲು ನನಗೆ ಬಹಳ ಉಪಯೋಗಕ್ಕೆ ಬಂತು.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಮನೆಯ ಮದುವೆ ಬುದ್ಧವಂದನೆಯಿಂದ ನಡೆಯುತ್ತದೆ. ಬಿಳಿ ಬಟ್ಟೆ, ತ್ರಿಶರಣ, ಪಂಚಶೀಲ, ಊಟ. ಆದರೆ ಹಿಂದಿನ ದಿನ ಮದುಮಗಳಿಗೆ ಅರಿಶಿಣ ಹಚ್ಚಿ ಹಾಡು ಹೇಳುವುದನ್ನು ಅವ್ವ ಬಿಟ್ಟುಕೊಟ್ಟಿಲ್ಲ. ನಾರಾಯಣಖೇಡದಲ್ಲಿ ಸರ್ಕಾರಿ ನೌಕರನಾಗಿರುವ ದೊಡ್ಡಣ್ಣ ಸತೀಶಕುಮಾರ ಒಮ್ಮೆ, "ಹಳೇದೆಲ್ಲಾ ಬಿಟ್ಟೀವಿ, ಇದೊಂದು ಯಾಕವ್ವಾ" ಎಂದು ಕೇಳಿದ್ದಕ್ಕೆ, "ಬುದ್ಧಗೂ ಒಬ್ಬಾಕಿ ಎಣ್ಣಿ ಹಚ್ಚಿ ಎರದಿರ್ಬೇಕಲಾ, ಆತ ಏನು ಆಫೀಸಿನಾಗ ಹುಟ್ಯಾನೇನು" ಎಂದು ಅವ್ವ ಅವನ ಬಾಯಿ ಮುಚ್ಚಿಸಿದಳು. ಹಾಡಿನ ಪದ್ಧತಿ ಹೀಗಿದೆ: ಮುಂದಿನ ಸಾಲನ್ನು ಅವ್ವ ಹೇಳಬೇಕು, ಉಳಿದ ಹೆಂಗಸರು ಅದನ್ನೇ ಸೊಲ್ಲು ಹಿಡಿದು ತಿರುಗಿ ಹೇಳಬೇಕು. ಎಲ್ಲರಿಗೂ ತಿರುಗಿ ಹೇಳಲು ಬರುತ್ತದೆ, ಮುಂದೆ ಹೇಳಲು ಅವ್ವನಿಗೊಬ್ಬಳಿಗೇ ಬರುತ್ತಿತ್ತು. ಸತೀಶಕುಮಾರನ ದೊಡ್ಡ ಮಗಳ ಮದುವೆಯಲ್ಲಿ ಅವಳು ಒಂದು ಇಡೀ ಮಧ್ಯಾಹ್ನ ಹಾಡಿದಳು. ಆಮೇಲೆ ಲಕ್ವಾ ಹೊಡೆಯಿತು. ಈಗ ಅವಳ ಎಡಗೈ ನಡೆಯುತ್ತದೆ, ಬೈಯಲು ಕಣ್ಣು ನಡೆಯುತ್ತವೆ, ನಾಲಿಗೆ ಮಾತ್ರ ನಡೆಯುವುದಿಲ್ಲ. ಇಂಥದರಲ್ಲಿ ಯಾಲಾಲಿನಲ್ಲಿರುವ, ತಾಂಡೂರಿನ ಕಲ್ಲಿನ ಪಾಲಿಶ್ ಕಾರ್ಖಾನೆಗೆ ಹೋಗುವ ಸಣ್ಣಣ್ಣ ಅಮರ್ ತನ್ನ ಮಗಳು ರಜನಿಯ ಮದುವೆಯನ್ನು ನಮ್ಮ ದೀಕ್ಷೆಯ ಹಬ್ಬವಾದ ಧಮ್ಮಚಕ್ರದ ದಿನಕ್ಕೆ ಗೊತ್ತು ಮಾಡಿದ. ಅವನ ಓಣಿಯ ಹೆಂಗಸರು, "ಹಾಡಿಲ್ದ ಅರಿಶಿಣ ಪಲ್ಯಕ್ಕ ಹಾಕೋ ಅರಿಶಿಣ ಆತದ" ಎಂದು ಮುಖ ಸಿಂಡರಿಸಿದರು. ಮಾತಿಲ್ಲದ ಅವ್ವ ಮೂಲೆಯಲ್ಲಿ ಕುಳಿತು ಅದನ್ನು ಕೇಳಿಸಿಕೊಂಡಳು.

ಆಗ ನನಗೆ ವೈಜಿನಾಥನ ನೆನಪಾಯಿತು. ಅವನು ಜಹೀರಾಬಾದಿನಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡಿರುವವನು, ಆ ಮದುವೆಯ ವಿಡಿಯೋ ತೆಗೆದವನು. ಮನೆಗೆ ಕೊಟ್ಟಿದ್ದ ಡಿಸ್ಕ್ ಇತ್ತು, ಆದರೆ ಮದುವೆ ಡಿಸ್ಕಿನ ಪದ್ಧತಿ ತಮಗೂ ಗೊತ್ತಿರಬಹುದು: ನಿಜವಾದ ಸದ್ದನ್ನೆಲ್ಲ ತೆಗೆದು ಮೇಲೆ ಸಿನೆಮಾ ಹಾಡು ಹಾಕುತ್ತಾರೆ. ಆದ್ದರಿಂದ ಅದರಲ್ಲಿ ಅರವತ್ತು ದಾಟಿದ ನಮ್ಮವ್ವ ಬಾಯಿ ತೆರೆದರೆ ಹದಿಹರೆಯದ ಹುಡುಗಿಯೊಬ್ಬಳ ದನಿ ಹೊರಗೆ ಬಂದು, ಪ್ರಿಯತಮನೇ ನನ್ನನ್ನು ಎತ್ತಿಕೋ ಎಂದು ತೆಲುಗಿನಲ್ಲಿ ಬೇಡಿಕೊಳ್ಳುತ್ತದೆ. ಅದನ್ನು ಹಾಕಿ ರಜನಿಗೆ ಅರಿಶಿಣ ಹಚ್ಚಲಾಗದು. ಪುಣ್ಯಕ್ಕೆ ಸದ್ದು ತೆಗೆಯದ ಮೂಲ ವಿಡಿಯೋ ವೈಜಿನಾಥನ ಕಂಪ್ಯೂಟರಿನಲ್ಲಿ ಉಳಿದಿತ್ತು. ಇಡೀ ಮಧ್ಯಾಹ್ನವನ್ನು ಕೂಡಿಸಿ ಒಂದೇ ಫೈಲು ಮಾಡಿದ್ದ, ತೂಕ ಏಳು ಜಿಬಿ. ಕಡೆಕಡೆಗೆ ಅವ್ವ ಒಂದು ಹಾಡನ್ನು ನಡುವೆಯೇ ನಿಲ್ಲಿಸಿ, "ಧಮ್ಮಶೀಲಾ, ಎಲ್ಲಿ ಸತ್ತಿಯೇ, ಎಣ್ಣಿ ತಾ" ಎಂದು ಕೂಗುತ್ತಾಳೆ. "ಇದನ್ನ ತಗೀಲೇನು ಯಕ್ಕಾ, ಹಾಡಿನಾಗ ಬೈಗುಳ ಬಂದದ" ಎಂದು ವೈಜಿನಾಥ ಕೇಳಿದ. ಇರಲಿ ಬಿಡಪ್ಪ ಎಂದೆ. ಅವ್ವನ ಬಾಯಲ್ಲಿ ನನ್ನ ಹೆಸರು ಉಳಿದಿರುವುದು ಇಡೀ ಜಗತ್ತಿನಲ್ಲಿ ಅದೊಂದೇ ಕಡೆ ಎಂಬುದನ್ನು ಅವನಿಗೆ ಬಿಡಿಸಿ ಹೇಳಲು ನಾಚಿಕೆಯಾಯಿತು.

ಅಲ್ಲಿಗೆ ತಾವು ಪ್ರವೇಶಿಸಿದಿರಿ. ತಮ್ಮನ್ನು ಹೊಸದಾಗಿ ತಂದು, ಟೊಪ್ಪಿಗೆ ತೆಗೆದು, ಯಂತ್ರದೊಳಗೆ ಕೂರಿಸಿ ಆ ಫೈಲನ್ನು ಒಪ್ಪಿಸಿದರೆ, ತಾವು ಒಂದು ಕ್ಷಣ ಯೋಚಿಸಿ, ಈ ವಸ್ತು ತಮ್ಮ ಪದ್ಧತಿಗೆ ಬಹಳ ದೊಡ್ಡದಾಯಿತು ಎಂದು ತೆರೆಯ ಮೇಲೆ ಬರೆದು ತೋರಿಸಿದಿರಿ. ಒಂದೊಂದು ಫೈಲು ನಾಲ್ಕು ಜಿಬಿ ಮೀರಬಾರದೆಂಬುದು ತಮ್ಮ ಕಾನೂನಂತೆ. ತಮ್ಮ ಶಿಸ್ತಿಗೆ ನಾನು ಅಲ್ಲೇ ಕೈ ಮುಗಿದೆ. ಹದಿನಾರು ಖೋಲಿಯ ಮನೆ, ಒಂದರಲ್ಲೂ ಬಾಡಿಗೆದಾರರಿಲ್ಲ. ಏಳು ಮಂದಿಯ ಒಂದು ಕುಟುಂಬ ಬಂದು ಬಾಗಿಲು ತಟ್ಟಿದರೆ, ಒಂದೇ ಕುಟುಂಬದಲ್ಲಿ ನಾಲ್ವರ ಮೇಲಿದ್ದರೆ ಒಳಗೆ ಬಿಡುವುದಿಲ್ಲ ಎನ್ನುತ್ತೀರಿ. ಅದೇ ಏಳು ಮಂದಿ ಜಗಳವಾಡಿ, ಒಲೆ ಬೇರೆ ಮಾಡಿಕೊಂಡು ಬಂದರೆ ಸಂತೋಷದಿಂದ ಬನ್ನಿ ಎನ್ನುತ್ತೀರಿ. ನಮ್ಮ ಜನಕ್ಕೆ ಬಾಗಿಲ ಹೊರಗೆ ನಿಂತು ಅಭ್ಯಾಸವಿದೆ. ಜಾತಿ ಕೇಳಿ ಖೋಲಿ ಖಾಲಿಯಿಲ್ಲ ಎಂದವರನ್ನು ಕಂಡಿದ್ದೇವೆ, ಭಾಷೆ ಕೇಳಿ ಅರ್ಜಿ ಹಿಂದಕ್ಕೆ ಕೊಟ್ಟವರನ್ನು ಕಂಡಿದ್ದೇವೆ. ತಾವು ಅದಾವುದನ್ನೂ ಕೇಳಲಿಲ್ಲ, ತೂಗಿ ನೋಡಿ ಕಳಿಸಿದಿರಿ. ಇಂಥ ಪಕ್ಷಪಾತವಿಲ್ಲದ ಮನೆ ಮಾಲೀಕರು ಜಹೀರಾಬಾದಿನಲ್ಲಿ ಹುಡುಕಿದರೂ ಸಿಗಲಾರರು.

ವೈಜಿನಾಥ ಫಾರ್ಮ್ಯಾಟ್ ಎನ್ನುವ ಆ ಪದ್ಧತಿಯನ್ನೇ ಬದಲಾಯಿಸಿದರೆ ಹೇಗೆ ಎಂದು ನಾನು ಕೇಳಿದೆ. ವೈಜಿನಾಥ ತಲೆ ಕೆರೆದುಕೊಂಡ. ಏಕೆಂದರೆ ಅವನ ಯಂತ್ರ ಹಣ್ಣಿನ ಗುರುತಿನದು. ತಾಂಡೂರಿನಲ್ಲಿ ಇದನ್ನು ಹಚ್ಚಿ ಕೊಡಬೇಕಾದ ಅಂಜಪ್ಪನ ಇಂಟರ್ನೆಟ್ ಅಂಗಡಿಯದು ಕಿಟಕಿಯ ಗುರುತಿನದು. ಸತೀಶಕುಮಾರನ ಮನೆಯದು, ಆಫೀಸು ಬೇಡವೆಂದದ್ದನ್ನು ರಸೀದಿ ಹಾಕಿಸಿ ತಂದದ್ದು, ಬಿಳಿ ಹೊಟ್ಟೆಯ ಹಕ್ಕಿಯ ಗುರುತಿನದು. ತಮ್ಮನ್ನು ಕಿಟಕಿಯ ಪದ್ಧತಿಗೆ ಸೇರಿಸಿದರೆ ಹಣ್ಣಿನ ಯಂತ್ರ ಒಳಗಿರುವುದನ್ನು ಓದುತ್ತದೆ, ಆದರೆ ತಾನಾಗಿ ಒಂದಕ್ಷರ ಬರೆಯುವುದಿಲ್ಲ, ನಮ್ಮ ತಹಸೀಲಿನ ಗುಮಾಸ್ತರ ಹಾಗೆ. ಹಣ್ಣಿನ ಪದ್ಧತಿಗೆ ಸೇರಿಸಿದರೆ ಕಿಟಕಿಯ ಯಂತ್ರ ತಮ್ಮನ್ನು ಕಂಡೇ ಇಲ್ಲವೆಂಬಂತೆ ನೋಡಿ, ಒಳಗಿರುವುದನ್ನೆಲ್ಲ ಅಳಿಸಲೇ ಎಂದು ವಿನಯದಿಂದ ಕೇಳುತ್ತದೆ. ಹಕ್ಕಿಯ ಪದ್ಧತಿಯನ್ನು ಅವೆರಡೂ ಗುರುತಿಸುವುದಿಲ್ಲ. "ಮೂರೂ ಕಡಿ ನಡೀತದಂದ್ರ ಈ ಹಳೀ ಪದ್ಧತಿ ಒಂದೇ ನಡೀತದ ನೋಡು ಯಕ್ಕಾ" ಎಂದ ವೈಜಿನಾಥ. "ಖರೆ ಎಲ್ಲಾರ ಮನ್ಯಾಗೂ ನಡಿಯಾವ ದೊಡ್ಡದು ಏನೂ ಹೊರಂಗಿಲ್ಲ."

ಇದನ್ನು ಕೇಳಿ ನನಗೆ ಅವ್ವನ ನೆನಪಾದದ್ದು ತಮಗೆ ಅವಮಾನವೆನಿಸಬಾರದು. ಅವಳು ಜಹೀರಾಬಾದಿನ ಸಂತೆಯಲ್ಲಿ ಉರ್ದುವಿನಲ್ಲಿ ಚೌಕಾಸಿ ಮಾಡಿ, ತಹಸೀಲಿನಲ್ಲಿ ತೆಲುಗಿನಲ್ಲಿ ಗೋಗರೆದು, ಬೀಗರಿಗೆ ಮರಾಠಿಯಲ್ಲಿ ಚುಚ್ಚಿ, ಮನೆಗೆ ಬಂದು ಕನ್ನಡದಲ್ಲಿ ಹಾಡುತ್ತಿದ್ದಳು. ಅವಳನ್ನು ಯಾರೂ ಅಳಿಸಿ ಹೊಸ ಪದ್ಧತಿಗೆ ಸೇರಿಸಬೇಕಾಗಿರಲಿಲ್ಲ. ಎಲ್ಲರ ಮನೆಯಲ್ಲೂ ನಡೆದಳು, ದೊಡ್ಡದನ್ನೂ ಹೊತ್ತಳು. ಆದರೆ ಅವಳನ್ನು ಯಾವ ಕಂಪನಿಯೂ ತಯಾರಿಸಲಿಲ್ಲವಾದ್ದರಿಂದ ಈಗ ಬದಲಿ ಸಿಗುತ್ತಿಲ್ಲ.

ಕೊನೆಗೆ ವೈಜಿನಾಥ ಫೈಲನ್ನು ಎರಡು ತುಂಡು ಮಾಡಿದ. ಒಂದನೆಯ ತುಂಡು ನಾಲ್ಕಕ್ಕೆ ಚೂರು ಕಡಿಮೆ, ಎರಡನೆಯದು ಮೂರಕ್ಕೆ ಚೂರು ಹೆಚ್ಚು. ಎರಡನ್ನೂ ತಾವು ತುಟಿಪಿಟಕ್ಕೆನ್ನದೆ ಒಳಗೆ ಬಿಟ್ಟುಕೊಂಡಿರಿ. ತಾಂಡೂರಿಗೆ ಹೋದ ಮೇಲೆ ಕೂಡಿಸಿದರೆ ಮತ್ತೆ ಒಂದಾಗುತ್ತದೆ, ಎರಡನೆಯದೊಂದನ್ನೇ ತೆರೆಯಲು ಹೋದರೆ ಬರೀ ಹಿಟ್ಟು ಎಂದು ಅವನು ಹೇಳಿದ. ಆಮೇಲೆ, "ಜಾಗಾ ಇಲ್ಲ ಯಕ್ಕಾ, ಮುಂದಿನ ಮದುವಿಗೋಳು ಬಾಗಲಾಗ ನಿಂತಾವ" ಎನ್ನುತ್ತ ತನ್ನಲ್ಲಿದ್ದ ಮೂಲವನ್ನು ನನ್ನ ಕಣ್ಣೆದುರೇ ಅಳಿಸಿದ. ತಮ್ಮನ್ನು ಗಟ್ಟಿಯಾಗಿ ಕಟ್ಟಿಕೊಂಡು, ಎರಡೂ ತುಂಡು ಸೆರಗಿನ ಗಂಟಿನಲ್ಲಿವೆಯಲ್ಲ ಎಂದು ಸಮಾಧಾನ ಮಾಡಿಕೊಂಡೆ. ನಾನು ಸಮಾಧಾನ ಮಾಡಿಕೊಂಡ ದಿನವೇ ಕೇಡು ಬರುತ್ತದೆಂಬುದು ನನಗೆ ಚಿಕ್ಕಂದಿನಿಂದ ಗೊತ್ತಿದ್ದ ಸಂಗತಿ.

ನಮ್ಮಲ್ಲಿ ಮದುಮಗಳ ಸೋದರತ್ತೆಯೇ ಹೋಗಿ ನೆಂಟರನ್ನು ಕರೆಯಬೇಕು. ಹೀಗಾಗಿ ಮೊದಲು ನಾರಾಯಣಖೇಡಕ್ಕೆ, ಸತೀಶಕುಮಾರನ ಮನೆಗೆ ಹೊರಟೆ. ಆಗ ತೆಲಂಗಾಣ ಬೇರೆಯಾಗಬೇಕೆಂದು ಎಲ್ಲ ನೌಕರರ ಮುಷ್ಕರ ನಡೆದಿತ್ತು. ಬಸ್ಸುಗಳು ಡಿಪೋದಲ್ಲಿ ಸಾಲಾಗಿ ಮಲಗಿದ್ದವು, ರಸ್ತೆಯ ನಡುವೆ ಒಲೆ ಹೂಡಿ ಜನ ಅಡುಗೆ ಮಾಡಿ ಉಣ್ಣುತ್ತಿದ್ದರು, ಕಲ್ಲಿದ್ದಲಿನ ಗಣಿಯೂ ನಿಂತು ಕರೆಂಟು ಬಂದರೆ ಬಂತು ಇಲ್ಲವಾದರೆ ಇಲ್ಲ. ಒಂದು ಜೀಪಿನಲ್ಲಿ ಮಂದಿಯ ಮೇಲೆ ಮಂದಿ ಕುಳಿತು ಹೋದೆವು. ಆ ಜೀಪಿಗೆ ನಾಲ್ವರ ಪದ್ಧತಿ ಇರಲಿಲ್ಲವೆಂದು ತಮಗೆ ತಿಳಿಸಲು ಸಂತೋಷಪಡುತ್ತೇನೆ.

ಸತೀಶಕುಮಾರ ಆಫೀಸಿನ ಮುಂದಿನ ಶಾಮಿಯಾನದಲ್ಲಿ ರಾಜ್ಯದ ಪಾಲಿಗಾಗಿ ಘೋಷಣೆ ಕೂಗಿ ದನಿ ಒಡೆದುಕೊಂಡು ಮನೆಗೆ ಬಂದಿದ್ದ. ನನ್ನ ಅಣ್ಣನನ್ನು ತಾವು ತಪ್ಪು ತಿಳಿಯಬಾರದು. ಆಫೀಸಿನ ಒಂದು ಟಾಚಣಿ ಸೂಜಿಯನ್ನೂ ಮನೆಗೆ ತರದ ಮನುಷ್ಯ, ನ್ಯಾಯವೆಂದರೆ ನ್ಯಾಯ. ನಮ್ಮಪ್ಪ ತುಳಜಪ್ಪ ತೀರಿಕೊಂಡಾಗ ಅವನೇ ಮುಂದೆ ನಿಂತು ಅಮರನಿಗೂ ತನಗೂ ಸಮಸಮವಾಗಿ ಹಂಚಿದ. ಹೊಲ ಎರಡಾಯಿತು, ಹಿತ್ತಾಳೆ ಪಾತ್ರೆ ಎರಡಾದವು, ಒಂದೇ ಇದ್ದ ಬೀಸುಕಲ್ಲು ಯಾರಿಗೆ ಎಂಬ ಮಾತು ಬಂದಾಗ ಮೇಲಿನ ಕಲ್ಲು ದೊಡ್ಡವನಿಗೆ, ಕೆಳಗಿನ ಕಲ್ಲು ಸಣ್ಣವನಿಗೆ ಎಂದು ತೀರ್ಮಾನವಾಯಿತು. ಒಂದು ಕಲ್ಲು ನಾರಾಯಣಖೇಡದಲ್ಲಿ ಬಾಗಿಲಿಗೆ ಒತ್ತುಕೊಟ್ಟಿದೆ, ಇನ್ನೊಂದು ಯಾಲಾಲಿನಲ್ಲಿ ಬಚ್ಚಲ ಮುಂದೆ ಕಾಲು ತಿಕ್ಕಲು ಇದೆ; ಯಾರಿಗೂ ಹಿಟ್ಟಿಲ್ಲ, ಯಾರಿಗೂ ಅನ್ಯಾಯವಾಗಿಲ್ಲ. ಹೆಣ್ಣುಮಕ್ಕಳಿಗೂ ಪಾಲುಂಟೆಂದು ಕಾನೂನು ಹೇಳುತ್ತದಂತೆ. ಆ ಕಾನೂನು ಯಾವ ಪದ್ಧತಿಯದೋ, ನಮ್ಮ ಮನೆಯಲ್ಲಿ ತೆರೆಯಲಿಲ್ಲ.

ನಾನು ಅತ್ತಿಗೆಯ ಜೊತೆ ಒಳಗೆ ರೊಟ್ಟಿ ಬಡಿಯುತ್ತಿದ್ದಾಗ, ಅವ್ವನ ವಿಡಿಯೋ ಬಂದಿದೆಯೆಂಬ ಸಂತೋಷಕ್ಕೆ ಅಣ್ಣ ತಮ್ಮನ್ನು, ನಾನು ಗಂಟು ಬಿಚ್ಚಿ ತೂಗುಹಾಕಿದ್ದ ಗೂಟದ ಮೇಲಿನಿಂದ ತೆಗೆದುಕೊಂಡು ಹಕ್ಕಿಯ ಯಂತ್ರಕ್ಕೆ ಚುಚ್ಚಿ ನೋಡಿದ್ದಾನೆ. ಒಳಗೆ ಒಂದು, ಎರಡು ಎಂದು ಅಂಕಿ ಹಾಕಿದ ತುಂಡುಗಳು. ಮನೆಯಲ್ಲಿ ಒಂದು, ಎರಡು ಎಂದು ಗಂಡುಮಕ್ಕಳು. ಅವನಿಗೆ ಅದರಲ್ಲಿ ಯಾವ ಸಂದೇಹವೂ ಬರಲಿಲ್ಲ. ಈ ಸಲ ಮೊದಲನೆಯದನ್ನು ತಮ್ಮನಿಗೆ ಬಿಟ್ಟು, ದೊಡ್ಡಸ್ತಿಕೆಯಿಂದ ಸಣ್ಣ ತುಂಡನ್ನು ತಾನು ತೆಗೆದುಕೊಂಡ. ನಕಲು ಮಾಡಿಕೊಳ್ಳಲಿಲ್ಲ, ಕತ್ತರಿಸಿ ಎತ್ತಿಕೊಂಡ. ಒಂದನ್ನು ತಾನೂ ಇಟ್ಟುಕೊಂಡು ಎರಡನ್ನೂ ತಮ್ಮನಿಗೆ ಕೊಟ್ಟರೆ ಅದು ಹೇಗೆ ಹಂಚಿಕೆಯಾಗುತ್ತದೆ ಎಂಬುದು ಅವನ ನ್ಯಾಯ. ಏಳನ್ನು ಒಳಗೆ ಬಿಡಲು ಅಷ್ಟು ಕಾನೂನು ಹೇಳಿದವರು, ಮೂರನ್ನು ಹೊರಗೆ ಕಳಿಸುವಾಗ ಒಂದು ಸಲ ಕೆಮ್ಮಬಹುದಿತ್ತು.

ಅಲ್ಲಿಂದ ತಾಂಡೂರಿಗೆ ಬಂದು, ಅಮರನನ್ನು ಕರೆದುಕೊಂಡು ಹೋದಾಗ ಅಂಜಪ್ಪನ ಅಂಗಡಿಯಲ್ಲಿ ವಿಷಯ ಬಯಲಾಯಿತು. ತಮ್ಮನ್ನು ಚುಚ್ಚಿ, ಕೂಡಿಸುವ ಗುಂಡಿ ಒತ್ತಿದರೆ, ಎರಡನೆಯದೆಲ್ಲಿ ಎಂದು ಕಿಟಕಿಯ ಯಂತ್ರ ಕೇಳಿತು. ನಾನು ಅಂಜಪ್ಪನನ್ನು ಕೇಳಿದೆ. ಅಂಜಪ್ಪ ಅಮರನನ್ನು ನೋಡಿದ. ಫೋನು ಹಚ್ಚಿದಾಗ ಸತೀಶಕುಮಾರ ಬಹಳ ಶಾಂತವಾಗಿ, "ನನ್ನ ಪಾಲು ನನ್ನಲ್ಲದ, ಅಮರಂದು ಅಮರನಲ್ಲದ. ಯಾಕ, ಹೆಚ್ಚುಕಮ್ಮಿ ಆತೇನು" ಎಂದ. ಒಂದೊಂದೇ ತೆರೆಯುವುದಿಲ್ಲವೆಂದು ಅಮರ್ ಹೇಳಿದ್ದಕ್ಕೆ, "ತೆರೀಲಿಕ್ಕೆ ಬರಂಗಿಲ್ಲಂತ ನಿನ್ನ ಪಾಲು ನೀ ಬಿಟ್ಟಗೊಡ್ತೀಯೇನು" ಎಂದು ಕೇಳಿದ. ಅಮರ್ ಸ್ವಲ್ಪ ಹೊತ್ತು ಯೋಚಿಸಿ, ಇಲ್ಲ ಎಂದ. ನನ್ನ ಕನಸಿನಲ್ಲಿ ಕಾಲಿನ ಕಡೆ ಹಿಡಿದವನು ಇವನೇ.

ನಾನು ಫೋನು ಕಸಿದುಕೊಂಡು ಅತ್ತೆನೋ ಬೈದೆನೋ ನೆನಪಿಲ್ಲ, ಅಂತೂ ದೊಡ್ಡಣ್ಣ ಅರಿಶಿಣದ ದಿನಕ್ಕೆ ತನ್ನ ಪಾಲನ್ನು ತರಲು ಒಪ್ಪಿದ. ಕೂಡಿಸಿ ಹಾಡಿಸುವುದು, ಮುಗಿದ ಮೇಲೆ ಅವನದು ಅವನಿಗೆ. ತಾವು ನನ್ನ ಸೆರಗಿನಲ್ಲಿದ್ದಿರಿ, ತಮ್ಮಂಥ ಇನ್ನೊಬ್ಬರನ್ನು ಕೊಳ್ಳೋಣವೆಂದರೆ ಅವನ ಊರಿನಲ್ಲಿ ಅಂಗಡಿಗಳೆಲ್ಲ ಬಂದ್. ಆದ್ದರಿಂದ ಅವನು ಯಂತ್ರದ ಪೆಟ್ಟಿಗೆಯನ್ನೇ ಹಾಸಿಗೆಯ ಚಾದರದಲ್ಲಿ ಸುತ್ತಿ, ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು, ಮೂರು ಜೀಪು ಬದಲಾಯಿಸಿ ಯಾಲಾಲಿಗೆ ಬಂದಿಳಿದ. ದಾರಿಯಲ್ಲಿ ರಸ್ತೆ ತಡೆದು ಕೂತಿದ್ದವರು ಅದೇನೆಂದು ಕೇಳಿದಾಗ, "ನಮ್ಮವ್ವ" ಎಂದು ಹೇಳಿ ಬಂದನಂತೆ. ಅವರು ಎದ್ದು ದಾರಿ ಕೊಟ್ಟರಂತೆ. ಇದನ್ನು ಅತ್ತಿಗೆ ಹೇಳಿದ ಮೇಲೆ ಅವನ ಮೇಲಿನ ನನ್ನ ಸಿಟ್ಟು ಅರ್ಧಕ್ಕಿಳಿಯಿತು. ಉಳಿದರ್ಧವನ್ನು ಇನ್ನೂ ಇಟ್ಟುಕೊಂಡಿದ್ದೇನೆ, ಯಾರಿಗೂ ಹಂಚುವುದಿಲ್ಲ.

ಪೆಟ್ಟಿಗೆ ಬಂತು, ಕರೆಂಟು ಬರಲಿಲ್ಲ. ಬೆಳಗಿನಿಂದ ಕಾದೆವು. ಅಂಗಳದಲ್ಲಿ ರಜನಿಯನ್ನು ಮಣೆಯ ಮೇಲೆ ಕೂರಿಸಿದ್ದಾಯಿತು, ಪಕ್ಕದಲ್ಲಿ ಅವ್ವ, ಅವ್ವನ ಪಕ್ಕದಲ್ಲಿ ಆ ಪೆಟ್ಟಿಗೆ. ಹೊಟ್ಟೆಯಲ್ಲಿ ಹಾಡಿಟ್ಟುಕೊಂಡು ಬಾಯಿ ಬಿಡದವರು ಇಬ್ಬರು ಅಕ್ಕಪಕ್ಕ. ಅವ್ವನ ಜೊತೆ ಅರ್ಧ ಜನ್ಮ ಸೊಲ್ಲು ಹಿಡಿದ ನೆರೆಮನೆಯ ಬಂಡಮ್ಮ, "ಬಂದ ಬೀಗರನ್ನ ಬಿಡಂಗಿಲ್ಲ" ಎಂದು ಪೆಟ್ಟಿಗೆಗೂ ಅರಿಶಿಣ ಹಚ್ಚಿದಳು. ಹೊತ್ತು ಇಳಿಯತೊಡಗಿದಾಗ ಅಂಜಪ್ಪ ಬ್ಯಾಟರಿಯ ಮೇಲೆ ನಡೆಯುವ ತನ್ನ ಲ್ಯಾಪ್‌ಟಾಪ್ ತಂದು, ತಮ್ಮಲ್ಲಿದ್ದ ಒಂದನೆಯ ತುಂಡಿನ ಹೆಸರಿನಿಂದ ಬಾಲದ ಅಂಕಿಯನ್ನು ಕಿತ್ತುಹಾಕಿ, "ನೋಡಮು, ಎಲ್ಲೀತನಕ ಹಾಡ್ತದೋ ಹಾಡ್ಲಿ" ಎಂದು ಹಚ್ಚಿದ. ಅದು ಹಾಡಿತು.

ಮಾನ್ಯರೇ, ಎರಡು ವರ್ಷದ ಮೇಲೆ ಅವ್ವನ ದನಿ ಅಂಗಳಕ್ಕೆ ಬಂತು. ಅವ್ವನೇ ಬೆಚ್ಚಿ ಆ ಕಡೆ ನೋಡಿದಳು. ಹೆಂಗಸರು ಸೊಲ್ಲು ಹಿಡಿದರು, ಅರಿಶಿಣ ಏರತೊಡಗಿತು, ಎಣ್ಣೆಯ ಹಾಡು, ಬಳೆಯ ಹಾಡು, ಹೊಸ್ತಿಲ ಹಾಡು. "ಹೊಸ್ತಿಲ ದಾಟಾಗ ಹೊಳ್ಳಿ ನೋಡಬ್ಯಾಡ ಮಗಳ, ಹೊಳ್ಳಿ ನೋಡಿದರ" ಎಂಬಲ್ಲಿಗೆ ತಮ್ಮ ನಾಲ್ಕು ಜಿಬಿ ಮುಗಿಯಿತು. ಅವ್ವನ ಬಾಯಿ ತೆರೆಯ ಮೇಲೆ ತೆರೆದಂತೆಯೇ ನಿಂತಿತು. ಎಲ್ಲರೂ ಪೆಟ್ಟಿಗೆಯನ್ನು ನೋಡಿದೆವು, ಪೆಟ್ಟಿಗೆ ಅರಿಶಿಣ ಬಳಿದುಕೊಂಡು ಸುಮ್ಮನಿತ್ತು.

ಹೊಳ್ಳಿ ನೋಡಿದರೆ ಏನಾಗುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಹಾಡು ನಿಂತರೆ ಕೆಟ್ಟದ್ದೆಂದು ಅತ್ತಿಗೆ ಧೈರ್ಯ ಮಾಡಿ, "ತವರೂರು ಸಣ್ಣದಾತದ" ಎಂದು ಹಾಡಿದಳು. ಅವ್ವ ಎಡಗೈಯಿಂದ ನೆಲಕ್ಕೆ ಫಟಾರನೆ ಬಡಿದಳು. ಇನ್ನೊಬ್ಬಳು, "ಕಣ್ಣೀರು ಕಾಲಿಗಿ ತೊಡರ್ತದ" ಎಂದಳು. ಅವ್ವ ಇನ್ನೂ ಜೋರಾಗಿ ಬಡಿದಳು, ಆ ಕಣ್ಣಿನ ಬೈಗುಳವನ್ನು ಇಲ್ಲಿ ಬರೆಯಲಾಗದು. "ಯವ್ವಾ, ಹೊಡೀಬ್ಯಾಡ, ನೆನಪು ಬರವಲ್ದು" ಎನ್ನುತ್ತ ಬಂಡಮ್ಮ ಕಣ್ಣು ಮುಚ್ಚಿ, ತಲೆ ತೂಗಿ, ಹಿಂದಿನ ಸಾಲನ್ನು ತಿರುಗಿಸಿ ತಿರುಗಿಸಿ ಹೇಳಿ, ಆಮೇಲೆ ಸಣ್ಣ ದನಿಯಲ್ಲಿ, "ಹೊಸ್ತಿಲು ಕೇಳ್ತದ ಮಗಳ, ನಿಂದೇನ ಉಳದದ ಒಳಗ" ಎಂದಳು. ಅವ್ವನ ಕೈ ಮೇಲೆದ್ದಿತ್ತು. ಅದು ಬಡಿಯಲಿಲ್ಲ. ಮೆಲ್ಲಗೆ ಇಳಿದು ನೆಲದ ಮೇಲೆ ತಾಳ ಹಾಕತೊಡಗಿತು. ಹೀಗೇ ತಪ್ಪಿದರೆ ಬಡಿಸಿಕೊಳ್ಳುತ್ತ, ಸರಿಯಾದರೆ ತಾಳ ಪಡೆಯುತ್ತ, ಎರಡು ಹಾಡು ಪೂರ್ತಿ ಕಳೆದುಹೋದರೂ, ರಜನಿಯ ಅರಿಶಿಣ ಮುಗಿಯಿತು. ಮರುದಿನ ಬಿಳಿ ಸೀರೆಯುಟ್ಟು ಶರಣು ಹೇಳುವಾಗಲೂ ಅವಳ ಕುತ್ತಿಗೆಯಲ್ಲಿ ಹಳದಿ ಉಳಿದಿತ್ತು. ಅದಕ್ಕಾಗಿ ತಮಗೆ, ತಮ್ಮ ನಾಲ್ಕಕ್ಕೆ, ಋಣಿ.

ಇಷ್ಟಾದ ಮೇಲೆ ದೂರೇನು ಎಂದು ತಾವು ಕೇಳಬಹುದು. ದೂರು ಇನ್ನು ಶುರುವಾಗುತ್ತದೆ. ಮದುವೆ ಮುಗಿಸಿ ಸತೀಶಕುಮಾರ ತನ್ನ ಪಾಲನ್ನು ಚಾದರದಲ್ಲಿ ಸುತ್ತಿಕೊಂಡು ಹಿಂದಿರುಗಿದ. ಅಮರನೂ ತನ್ನ ಪಾಲನ್ನು ತಮ್ಮಿಂದ ಕತ್ತರಿಸಿ ಅಂಜಪ್ಪನ ಯಂತ್ರದಲ್ಲಿ ಇಡಿಸಿಕೊಂಡ, ತಾವು ಖಾಲಿಯಾಗಿ ನನ್ನ ಸೆರಗಿಗೆ ಬಂದಿರಿ. ಜೀಪಿನ ಕುಲುಕಾಟಕ್ಕೋ, ಒಳಗೆ ಇಳಿದ ಅರಿಶಿಣಕ್ಕೋ, ಪೆಟ್ಟಿಗೆ ಮನೆಯಲ್ಲಿ ಟಿಕ್ ಟಿಕ್ ಎಂದು ಎರಡು ಸಲ ಅಂದು ತಣ್ಣಗಾಯಿತು. ಎಣ್ಣೆ ತಾ ಎಂಬ ಕೂಗು ಅದರ ಜೊತೆ ಹೋಯಿತು ಎಂದುಕೊಂಡು ನಾನು ಅನ್ನ ಬಿಟ್ಟೆ. ಆಗ ವೈಜಿನಾಥ, ಕತ್ತರಿಸಿ ಒಯ್ದದ್ದು ಪೂರ್ತಿ ಹೋಗಿರುವುದಿಲ್ಲ, ಮೇಲೆ ಬೇರೇನೂ ಬರೆಯದಿದ್ದರೆ ನೆರಳು ಉಳಿದಿರುತ್ತದೆ ಎಂದು ಹೇಳಿ, ತಮ್ಮನ್ನು ಚುಚ್ಚಿ ಹುಡುಕಿದ. "ಹೆಸರು ಕಾಣ್ಲತದ ಯಕ್ಕಾ, ಮೊದಲಿನ ಅಕ್ಷರ ಹಾರ್ಯಾದ. ಒಳಗ ಏನರೆ ಅದನೋ ಇಲ್ಲೋ ಈಗೇ ಹೇಳಾಕ ಬರಂಗಿಲ್ಲ" ಎನ್ನುವಷ್ಟರಲ್ಲಿ ಕರೆಂಟು ಹೋಯಿತು. ಮತ್ತೆ ನೋಡಲು ಅವನು ಕೊಟ್ಟ ದಿನ ನಾಳೆ ಬರುತ್ತದೆ. ಅಂದಿನಿಂದ ತಮ್ಮೊಳಗೆ ಒಂದು ಫೋಟೋ ಹಾಕಲೂ ನಾನು ಯಾರಿಗೂ ಕೊಟ್ಟಿಲ್ಲ. ಹಾಸ್ಟೆಲಿನ ವಾರ್ಡನ್ ಬಾಯಿಯವರು ಕೇಳಿದಾಗ ಕಳೆದುಹೋಗಿದೆ ಎಂದು ಹೇಳಿ, ಸೆರಗನ್ನು ಬೆನ್ನ ಹಿಂದೆ ಮುಚ್ಚಿಕೊಂಡೆ.

ಆದ್ದರಿಂದ ಕೆಲವು ವಿನಂತಿ. ಹಣ್ಣು, ಕಿಟಕಿ, ಹಕ್ಕಿ ಮೂವರನ್ನೂ ಒಂದು ಪಂಕ್ತಿಯಲ್ಲಿ ಕೂರಿಸಿ ಉಣ್ಣಿಸುವ ಏರ್ಪಾಡಾಗಬೇಕು. ಬೇಕಾದರೆ ಅಡುಗೆ ನಾನು ಮಾಡುತ್ತೇನೆ, ಹಾಸ್ಟೆಲಿನಲ್ಲಿ ಜಗಳಗಂಟಿಯರಿಗೆ ಬಡಿಸಿ ಅಭ್ಯಾಸವಿದೆ. ಯಾವ ವಸ್ತು ಎರಡಾದರೆ ಎರಡಾಗುತ್ತದೆ, ಯಾವುದು ಎರಡಾದರೆ ಒಂದೂ ಉಳಿಯುವುದಿಲ್ಲ ಎಂಬುದನ್ನು ಕತ್ತರಿಸುವ ಮೊದಲೇ ಹೇಳುವ ಯಂತ್ರವೊಂದನ್ನು ದಯಪಾಲಿಸಬೇಕು. ಇದನ್ನು ರಾಜ್ಯದ ಮಾತೆಂದು ಯಾರೂ ತಿಳಿಯಬಾರದು. ಪಾಲು ಸಿಗದವರು ಪಾಲು ಕೇಳಬೇಕೆಂಬುದನ್ನು ನನಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ನಾನು ಹೇಳುತ್ತಿರುವುದು ಬೀಸುಕಲ್ಲಿನ ಮಾತು. ಈ ಪತ್ರ ಉದ್ದವಾಯಿತೆಂದು ಗೊತ್ತು. ನಾಲ್ಕು ಜಿಬಿ ಮೀರಿದ್ದರೆ ನಡುವೆ ಹರಿದು ಓದಿಕೊಳ್ಳಬೇಕು.

ತಮ್ಮನ್ನು ಸೆರಗಿನಲ್ಲಿಟ್ಟು ಕಾಯುತ್ತಿರುವ, ತಮ್ಮನ್ನು ನಂಬದೆ ಬೇರೆ ದಾರಿಯಿಲ್ಲದ
ತಮ್ಮ ವಿಶ್ವಾಸಿ,
ಧಮ್ಮಶೀಲಾ

ತಾಜಾ ಕಲಂ: ತನ್ನ ಪಾಲು ಹಾಳಾದ್ದರಿಂದ ಅಮರನ ಪಾಲನ್ನೇ ಮತ್ತೆ ಎರಡು ಮಾಡಿ ಹಂಚಬೇಕೆಂದು ಸತೀಶಕುಮಾರ ಹಿರಿಯರ ಮುಂದೆ ಮಾತು ತೆಗೆದಿದ್ದಾನೆ, ಅಮರ್ ವಿಚಾರ ಮಾಡಿ ಹೇಳುತ್ತೇನೆ ಎಂದಿದ್ದಾನೆ. ತಂಗಿಗೆ ಏನೆಂದು ಹಿರಿಯರೊಬ್ಬರು ಕೇಳಿದ್ದಕ್ಕೆ, "ಆಕಿಗಿ ಆ ಖಾಲಿ ಪೆನ್‌ಡ್ರೈವ್ ಇರ್ಲಿ" ಎಂದು ಇಬ್ಬರೂ ಒಂದೇ ಬಾಯಲ್ಲಿ ಹೇಳಿದರಂತೆ. ಅಣ್ಣತಮ್ಮರು ಒಂದಾದದ್ದು ಅದೊಂದು ಮಾತಿಗೆ. ನನ್ನ ಪಾಲಿಗೆ ಬಂದ ಮಾನ್ಯರೇ, ನಾಳೆ ವೈಜಿನಾಥ ಚುಚ್ಚುವ ಮೊದಲು ದಯವಿಟ್ಟು ತಾವೇ ಒಂದು ಸಲ ಆ ಮೊದಲಕ್ಷರ ಉದುರಿದ ಹೆಸರಿನ ಹಿಂದೆ ಹೋಗಿ, ಕಡೆಯ ಖೋಲಿಯತನಕ ಹುಡುಕಿ, ನಂದೇನಾದರೂ ಉಳಿದಿದೆಯೋ ಇನ್ನೊಮ್ಮೆ ನೋಡಬೇಕು.